ಮೊದಲ ಡಕ್ಟ್ ಎಳೆಯುವ ಮುಂಚೆ

ನೋಡಮ್ಮ, ಹೊಸ ಕೆಲಸಕ್ಕೆ ಸೇರಿದ ಮೊದಲ ವಾರದಲ್ಲೇ ನಿನ್ನ ಮುಂದೆ ಒಂದು ರೆವಿಟ್ ಫೈಲು ತೆರೆದಿಟ್ಟು, ‘ಎರಡನೇ ಮಹಡಿಯ ಡಕ್ಟ್ ಹಾಕಿಬಿಡು’ ಅನ್ನುತ್ತಾರೆ. ನಿನಗೂ ಉತ್ಸಾಹ. ಕಮಾಂಡ್ ಒತ್ತಿದರೆ ಸಾಕು, ತೆರೆಯ ಮೇಲೆ ತಗಡಿನ ಕೊಳವೆ ತಾನಾಗಿ ಉದ್ದವಾಗುತ್ತದೆ. ತಿರುಗಿಸಿದ ಕಡೆ ಎಲ್ಬೋ, ಕವಲೊಡೆದ ಕಡೆ ಟೀ ಬಂದು ಕೂರುತ್ತವೆ. ಬೋರ್ಡಿನ ಮೇಲೆ ಒಂದೊಂದು ಗೆರೆಯನ್ನೂ ಪೆನ್ಸಿಲಿನಲ್ಲಿ ಎಳೆದವರು ನಾವು. ಈ ಸುಖ ಕಂಡರೆ ನನಗೂ ಖುಷಿಯೇ. ಆದರೆ ಆ ಎಲ್ಬೋ ಎಂಥದ್ದು, ಕೊಳವೆಯ ಒಳವ್ಯಾಸ ಎಷ್ಟು, ಅದರೊಳಗೆ ಹರಿಯುವ ಗಾಳಿ ಎಷ್ಟು ಭಾರದ್ದು ಅನ್ನುವುದನ್ನೆಲ್ಲ ಯಾರೋ ಮೊದಲೇ ತೀರ್ಮಾನಿಸಿ ಇಟ್ಟಿರುತ್ತಾರೆ. ನೀನು ನೋಡದೆ ಮುಂದುವರಿದರೆ, ನಿನ್ನ ಸಹಿ ಬೀಳುವ ಡ್ರಾಯಿಂಗಿನಲ್ಲಿ ಆ ಯಾರದೋ ತೀರ್ಮಾನ ಹಾಗೇ ಉಳಿಯುತ್ತದೆ.

ಅದರಲ್ಲಿ ಹೆಚ್ಚಿನದು ಇರುವುದು ಮೆಕ್ಯಾನಿಕಲ್ ಸೆಟ್ಟಿಂಗ್ಸ್ ಅನ್ನುವ ಪೆಟ್ಟಿಗೆಯಲ್ಲಿ. ಮ್ಯಾನೇಜ್ ಟ್ಯಾಬಿನ ಎಂಇಪಿ ಸೆಟ್ಟಿಂಗ್ಸ್ ಒಳಗೆ ಸಿಗುತ್ತದೆ. ಕೀಬೋರ್ಡಿನಲ್ಲಿ ಎಂ, ಎಸ್ ಒತ್ತಿದರೂ ತೆರೆದುಕೊಳ್ಳುತ್ತದೆ. ಎಡಗಡೆ ಡಕ್ಟಿಗೆ ಒಂದು ಪಟ್ಟಿ, ಪೈಪಿಗೆ ಒಂದು ಪಟ್ಟಿ. ಬಹಳ ಜನ ಇದನ್ನು ತೆರೆಯುವುದು ಏನಾದರೂ ಕೆಟ್ಟ ಮೇಲೆಯೇ. ನೀನು ಮೊದಲ ಗೆರೆಗೆ ಮುಂಚೆಯೇ ಅರ್ಧ ದಿನ ಇದರ ಮುಂದೆ ಕೂರು. ‘ಅರ್ಧ ದಿನ ಏನೂ ಮಾಡಲಿಲ್ಲವಲ್ಲ’ ಅಂತ ಯಾರಾದರೂ ಕೇಳಿದರೆ ಕೇಳಲಿ.

ನೀನು ಕೂತಿರುವುದು ಬೆಂಗಳೂರಿನ ಕಚೇರಿಯಲ್ಲಿ. ನಿನ್ನ ಕೈಲಿರುವ ಕಟ್ಟಡ ಮಾತ್ರ ದುಬೈನದಾಗಿರಬಹುದು, ಲಂಡನ್ನಿನದಾಗಿರಬಹುದು, ಇಲ್ಲೇ ವೈಟ್‌ಫೀಲ್ಡಿನದೂ ಆಗಿರಬಹುದು. ಆ ಕಟ್ಟಡ ಯಾವ ಊರಲ್ಲಿ ಏಳುತ್ತದೆ, ಆ ಊರಿನ ಅಂಗಡಿಯಲ್ಲಿ ಯಾವ ಪೈಪು ಸಿಗುತ್ತದೆ, ತಗಡು ಮಡಚುವವರು ಯಾವ ಅಳತೆಗೆ ಒಗ್ಗಿದ್ದಾರೆ ಅನ್ನುವುದು ರೆವಿಟ್‌ಗೆ ತಿಳಿಯದು. ಅದನ್ನು ನಾವೇ ತಿಳಿಸಬೇಕು, ತಿಳಿಸುವ ಜಾಗ ಈ ಪೆಟ್ಟಿಗೆ. ಹೋದ ತಿಂಗಳ ಕೆಲಸದಿಂದ ಎತ್ತಿಕೊಂಡ ಟೆಂಪ್ಲೇಟ್ ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿಯಂತೆ. ತೊಟ್ಟುಕೊಳ್ಳಲು ಬರುತ್ತದೆ, ತೋಳು ಮಾತ್ರ ಯಾರದ್ದೋ.

ಗಾಳಿಯಿಂದಲೇ ಶುರು ಮಾಡೋಣ. ಡಕ್ಟ್ ಸೆಟ್ಟಿಂಗ್ಸ್‌ನಲ್ಲಿ ಗಾಳಿಯ ಸಾಂದ್ರತೆ ಅಂತ ಒಂದು ಸಾಲಿದೆ. ಘನಮೀಟರಿಗೆ ಸುಮಾರು 1.2 ಕಿಲೋ ಎಂದು ಮೊದಲೇ ತುಂಬಿಸಿಕೊಂಡು ಬಂದಿರುತ್ತದೆ. ಅದು ಸಮುದ್ರಮಟ್ಟದ, 20 ಡಿಗ್ರಿ ಆಸುಪಾಸಿನ ಗಾಳಿಯ ಲೆಕ್ಕ. ಮಂಗಳೂರಿಗೆ ಹೊಂದುತ್ತದೆ, ಮುಂಬೈಗೆ, ದುಬೈಗೂ ಹೊಂದುತ್ತದೆ. ಬೆಂಗಳೂರು ಇರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಮೇಲೆ. ಅಷ್ಟೇ ಬಿಸಿಯ ಗಾಳಿ ಇಲ್ಲಿ ಹತ್ತರಲ್ಲೊಂದು ಪಾಲು ಹಗುರ, 1.08ರ ಹತ್ತಿರ. ಅಮೆರಿಕದ ಡೆನ್ವರ್ ಸುಮಾರು 1,600 ಮೀಟರ್ ಎತ್ತರದ ಊರು. ಅಲ್ಲಿಗೆ ಹೋದರೆ ಅದು 1ರ ಅಕ್ಕಪಕ್ಕಕ್ಕೆ ಇಳಿಯುತ್ತದೆ.

ಡಕ್ಟಿನೊಳಗಿನ ಘರ್ಷಣೆಯಿಂದ ಆಗುವ ಒತ್ತಡ ನಷ್ಟ ಹೆಚ್ಚುಕಡಿಮೆ ಈ ಸಾಂದ್ರತೆಯ ಜೊತೆಜೊತೆಗೇ ಏರಿಳಿಯುತ್ತದೆ. ಬೆಂಗಳೂರಿನ ಕಟ್ಟಡಕ್ಕೆ 1.2 ಎಂದೇ ಬಿಟ್ಟರೆ ನಷ್ಟವನ್ನು ಶೇಕಡ 10ರಷ್ಟು ಜಾಸ್ತಿ ತೋರಿಸುತ್ತದೆ; ಫ್ಯಾನು ಒಂದಿಷ್ಟು ದೊಡ್ಡದು ಬರುತ್ತದೆ, ದುಡ್ಡು ಒಂದಿಷ್ಟು ಹೋಗುತ್ತದೆ, ಜೀವಕ್ಕೇನೂ ತೊಂದರೆಯಿಲ್ಲ. ತಿರುಗುಮುರುಗಾದಾಗ ನೋಡು ಕಷ್ಟ. ಬೆಂಗಳೂರಿಗೆಂದು ಯಾರೋ ಜಾಣರು 1.08 ಮಾಡಿಟ್ಟ ಫೈಲನ್ನೇ ಎತ್ತಿಕೊಂಡು ದುಬೈ ಕೆಲಸ ಶುರು ಮಾಡಿದರೆ ನಷ್ಟ ಕಮ್ಮಿ ಕಾಣುತ್ತದೆ, ಫ್ಯಾನು ಸಣ್ಣದು ಬರುತ್ತದೆ, ಕೊನೆಯ ಕೋಣೆಗೆ ಗಾಳಿ ಮುಟ್ಟುವುದಿಲ್ಲ. ಒಂದು ಕೆಲಸಕ್ಕೆ ಸರಿಯಾದ ತಿದ್ದುಪಡಿಯೇ ಇನ್ನೊಂದಕ್ಕೆ ಮುಳ್ಳಾಗುವುದು ಹೀಗೆ.

ಪಕ್ಕದಲ್ಲೇ ಸ್ನಿಗ್ಧತೆಯ ಸಾಲಿದೆ. ಎತ್ತರದ ಊರು ಅಂತ ಅದನ್ನು ಮುಟ್ಟಲು ಹೋಗಬೇಡ. ಬೆಟ್ಟ ಹತ್ತಿದ ಮಾತ್ರಕ್ಕೆ ಗಾಳಿಯ ಸ್ನಿಗ್ಧತೆ ಬದಲಾಗುವುದಿಲ್ಲ, ಅದು ಜಗ್ಗುವುದು ತಾಪಕ್ಕೆ ಮಾತ್ರ. ಇನ್ನೊಂದು ಮಾತು: ಸಾಂದ್ರತೆಯ ಸಾಲು ತಿದ್ದಿದರೆ ಒತ್ತಡದ ಲೆಕ್ಕ ಸರಿಹೋಯಿತು, ತಂಪಿನ ಲೆಕ್ಕ ಸರಿಹೋಗಲಿಲ್ಲ. ಸೆಕೆಂಡಿಗೆ 1,000 ಲೀಟರ್ ಗಾಳಿ 10 ಡಿಗ್ರಿ ವ್ಯತ್ಯಾಸದಲ್ಲಿ ಸಮುದ್ರಮಟ್ಟದಲ್ಲಿ 12 ಕಿಲೋವಾಟ್ ಶಾಖ ಹೊತ್ತೊಯ್ದರೆ ಇಲ್ಲಿ ಒಯ್ಯುವುದು 11ಕ್ಕೂ ಒಂಚೂರು ಕಮ್ಮಿ. ಗಾಳಿಯ ಪ್ರಮಾಣವನ್ನು ಲೆಕ್ಕ ಹಾಕಿಕೊಟ್ಟವರು ಎತ್ತರವನ್ನು ಹಿಡಿದಿದ್ದಾರೋ ಇಲ್ಲವೋ ಅಂತ ಒಂದು ಸಲ ಬಾಯಿಬಿಟ್ಟು ಕೇಳು. ಕೇಳಿದರೆ ಕಳೆದುಕೊಳ್ಳುವುದು ಏನೂ ಇಲ್ಲ.

ಈಗ ಪೈಪಿಗೆ ಬಾ. ನನ್ನ ಪ್ರಕಾರ ಇಡೀ ಪೆಟ್ಟಿಗೆಯಲ್ಲಿ ಅತಿ ಹೆಚ್ಚು ಹಾನಿ ಮಾಡಬಲ್ಲದ್ದು, ಅತಿ ಕಡಿಮೆ ಜನ ತೆರೆದು ನೋಡುವುದು ಸೆಗ್ಮೆಂಟ್ಸ್ ಅಂಡ್ ಸೈಜಸ್ ಪುಟ. ಅಲ್ಲಿ ಪ್ರತಿ ಜಾತಿಯ ಪೈಪಿಗೂ ಕರೆಯುವ ಅಳತೆ, ಒಳವ್ಯಾಸ, ಹೊರವ್ಯಾಸ ಅಂತ ಸಾಲುಸಾಲಾಗಿ ಇರುತ್ತವೆ, ಮೇಲ್ಗಡೆ ಒಳಮೈ ಒರಟುತನ. ಜೊತೆಯಲ್ಲಿ ಬರುವ ಜಾತಿಗಳು ಬಹುಪಾಲು ಅಮೆರಿಕದವು: ಕಾರ್ಬನ್ ಸ್ಟೀಲ್ ಶೆಡ್ಯೂಲ್ 40, ಶೆಡ್ಯೂಲ್ 80, ಪಿವಿಸಿ ಶೆಡ್ಯೂಲ್ 40, ತಾಮ್ರದ ಕೆ, ಎಲ್, ಎಂ. ನಮ್ಮ ಸೈಟಿನಲ್ಲಿ ಬಂದು ಇಳಿಯುವುದು ಐಎಸ್ 1239ರ ಎಂಎಸ್ ಪೈಪು. ಲೈಟ್, ಮೀಡಿಯಂ, ಹೆವಿ ಅಂತ ಮೂರು ದರ್ಜೆ. ಅಂಗಡಿಯವರ ಬಾಯಲ್ಲಿ ಎ ಕ್ಲಾಸ್, ಬಿ ಕ್ಲಾಸ್, ಸಿ ಕ್ಲಾಸ್.

100 ಎನ್‌ಬಿ ಪೈಪನ್ನೇ ತೆಗೆದುಕೊ. ಹೊರವ್ಯಾಸ ಎರಡರದ್ದೂ 114 ಮಿಲಿಮೀಟರ್ ಆಸುಪಾಸು. ಶೆಡ್ಯೂಲ್ 40ರ ಗೋಡೆ 6 ಮಿಲಿಮೀಟರ್, ನಮ್ಮ ಮೀಡಿಯಂ ದರ್ಜೆಯದು 4.5. ಒಳವ್ಯಾಸದಲ್ಲಿ ಮೂರೇ ಮಿಲಿಮೀಟರ್ ವ್ಯತ್ಯಾಸ, ಅದಕ್ಕೇನು ಅನ್ನಿಸುತ್ತದೆ. ಅಷ್ಟೇ ನೀರು ಹರಿಯುವಾಗ ಒತ್ತಡ ನಷ್ಟ ಒಳವ್ಯಾಸದ ಹೆಚ್ಚುಕಡಿಮೆ ಐದನೇ ಘಾತಕ್ಕೆ ವಿಲೋಮವಾಗಿ ನಡೆಯುತ್ತದೆ ಅಂತ ಕಾಲೇಜಿನಲ್ಲಿ ಓದಿದ್ದೀಯಲ್ಲ, ಅದನ್ನು ಇಲ್ಲಿ ಹಾಕಿ ನೋಡು: ಶೇಕಡ 15ರ ಹತ್ತಿರ ಬರುತ್ತದೆ. ಇಲ್ಲಿ ತಪ್ಪು ಸುರಕ್ಷಿತ ದಿಕ್ಕಿಗೆ ವಾಲಿದೆ, ಪಂಪು ಕೊಂಚ ದೊಡ್ಡದಾಗುತ್ತದೆ ಅಷ್ಟೆ.

ಸ್ನಾನದ ಮನೆಯ ಸಿಪಿವಿಸಿ ಲೈನಿನಲ್ಲಿ ಅದು ಇನ್ನೊಂದು ದಿಕ್ಕಿಗೆ ವಾಲುತ್ತದೆ. ಪಟ್ಟಿಯಲ್ಲಿ ಸಿಪಿವಿಸಿ ಕಾಣದಿದ್ದಾಗ ಹೆಸರು ಹತ್ತಿರವಿದೆಯಲ್ಲ ಅಂತ ಪಿವಿಸಿ ಶೆಡ್ಯೂಲ್ 40 ಆರಿಸಿಕೊಂಡು ಮುಂದೆ ಹೋಗುವವರು ಇದ್ದಾರೆ. ನಮ್ಮಲ್ಲಿ ಸಿಗುವ ಸಿಪಿವಿಸಿ ತಾಮ್ರದ ಕೊಳವೆಯ ಅಳತೆಗೆ ಮಾಡಿದ್ದು. ಒಂದು ಇಂಚಿನದಕ್ಕೆ ಹೊರವ್ಯಾಸ 28.6 ಮಿಲಿಮೀಟರ್, ಎಸ್‌ಡಿಆರ್ 11 ಆದರೆ ಒಳವ್ಯಾಸ 23.4. ಅದೇ ಒಂದು ಇಂಚಿನ ಪಿವಿಸಿ ಶೆಡ್ಯೂಲ್ 40ಕ್ಕೆ ಹೊರಗೆ 33.4, ಒಳಗೆ 26.6. ಐದನೇ ಘಾತ ಹಾಕಿದೆಯಾ? ನಿಜವಾದ ನಷ್ಟದ ಅರ್ಧಕ್ಕಿಂತ ಚೂರು ಹೆಚ್ಚನ್ನಷ್ಟೇ ಕಂಪ್ಯೂಟರ್ ತೋರಿಸುತ್ತದೆ. ತೆರೆಯ ಮೇಲೆ ಎಲ್ಲ ಹಸಿರಾಗಿ ಕಂಡು, ಮೇಲಿನ ಮಹಡಿಯ ಷವರಿನಲ್ಲಿ ನೀರು ತೊಟ್ಟಿಕ್ಕುತ್ತಿರುತ್ತದೆ. ಜೊತೆಗೆ ಕ್ಲ್ಯಾಂಪಿನ ಅಳತೆ, ಸ್ಲೀವಿನ ಅಳತೆ ಎಲ್ಲ ತಪ್ಪು. ಆದ್ದರಿಂದ ಇರುವ ಜಾತಿಯನ್ನೇ ಎಳೆದು ಹೊಂದಿಸಬೇಡ. ಹೊಸ ಸೆಗ್ಮೆಂಟ್ ಮಾಡು, ತಯಾರಕರ ಕ್ಯಾಟಲಾಗ್ ಪಕ್ಕದಲ್ಲಿಟ್ಟುಕೊಂಡು ಒಳ ಹೊರ ಎರಡೂ ವ್ಯಾಸ ತುಂಬು, ಹೆಸರಿನಲ್ಲೇ ಐಎಸ್ 15778 ಅಂತ ಬರೆ.

ಹೆಸರಿನ ಅಳತೆಯನ್ನು ನಂಬಬೇಡ ಅನ್ನಲು ಇನ್ನೂ ಒಂದು ಕಾರಣ ಇದೆ. ಎಂಎಸ್ ಪೈಪಿನಲ್ಲಿ 100 ಅಂದರೆ ಸುಮಾರಾಗಿ ಒಳಗಿನ ಅಳತೆ. ಶೌಚದ ಲೈನಿಗೆ ಹಾಕುವ ಎಸ್‌ಡಬ್ಲ್ಯೂಆರ್ ಪೈಪಿನಲ್ಲಿ 110 ಅಂದರೆ ಹೊರಗಿನ ಅಳತೆ. ಪ್ಲಂಬರಿಗೆ ಇದು ಕೈಯಲ್ಲೇ ಗೊತ್ತಿರುತ್ತದೆ, ಫೈಲಿಗೆ ಗೊತ್ತಿರುವುದಿಲ್ಲ.

ಒರಟುತನದ ಸಂಖ್ಯೆಯನ್ನೂ ಅಲ್ಲೇ ನೋಡಿಕೊ. ಹೊಸ ಉಕ್ಕಿನ ಪೈಪಿಗೆ ಪಠ್ಯಪುಸ್ತಕ ಕೊಡುವುದು 0.045 ಮಿಲಿಮೀಟರ್, ಜಿಐಗೆ 0.15, ಪ್ಲಾಸ್ಟಿಕ್ಕಿಗೆ 0.0015. ಉಕ್ಕಿನ ಸೆಗ್ಮೆಂಟನ್ನು ನಕಲು ಮಾಡಿ ಪ್ಲಾಸ್ಟಿಕ್ ಸೆಗ್ಮೆಂಟ್ ಮಾಡಿದವರು ಈ ಒಂದು ಸಂಖ್ಯೆಯನ್ನು ತಿದ್ದಲು ಮರೆತಿರುತ್ತಾರೆ. ಘರ್ಷಣೆಯನ್ನು ಕೋಲ್‌ಬ್ರೂಕ್ ಸೂತ್ರದಲ್ಲಿ ಹಾಕಬೇಕೋ ಹಾಲಂಡ್ ಸೂತ್ರದಲ್ಲೋ ಅಂತ ಪೈಪಿನ ಲೆಕ್ಕದ ಪುಟದಲ್ಲಿ ಕೇಳುತ್ತದೆ. ಮೊದಲನೆಯದು 1939ರದು, ಸುತ್ತಿ ಸುತ್ತಿ ಬಿಡಿಸಬೇಕಾದ್ದು. ಎರಡನೆಯದು 1983ರದು, ಒಂದೇ ಏಟಿಗೆ ಉತ್ತರ ಕೊಡುವ ಅಂದಾಜು. ಉತ್ತರಗಳ ನಡುವೆ ಶೇಕಡ ಒಂದೆರಡರ ಅಂತರ. ಅದರ ಮೇಲೆ ಚರ್ಚೆ ಮಾಡುವ ಹೊತ್ತಿನಲ್ಲಿ ಒಳವ್ಯಾಸ ನೋಡಿದರೆ ಹೆಚ್ಚು ಪುಣ್ಯ.

ಪೈಪಿನೊಳಗಿನ ದ್ರವದ ವಿಚಾರ ಮಾತ್ರ ಎರಡು ಕಡೆ ಹಂಚಿಹೋಗಿದೆ. ಯಾವ ತಾಪಕ್ಕೆ ಎಷ್ಟು ಸಾಂದ್ರತೆ, ಎಷ್ಟು ಸ್ನಿಗ್ಧತೆ ಅನ್ನುವ ಪಟ್ಟಿ ಈ ಪೆಟ್ಟಿಗೆಯಲ್ಲಿದೆ. ನಿನ್ನ ಲೈನಿನಲ್ಲಿ ಯಾವ ದ್ರವ, ಯಾವ ತಾಪ ಅನ್ನುವುದು ಪೈಪಿಂಗ್ ಸಿಸ್ಟಮ್‌ನ ಟೈಪ್ ಪ್ರಾಪರ್ಟಿಯಲ್ಲಿದೆ. ಪಟ್ಟಿ ಸರಿ ಮಾಡಿ ಟೈಪ್ ಮರೆತರೆ ಪ್ರಯೋಜನವಿಲ್ಲ. ಚಿಲ್ಡ್ ವಾಟರ್ ಹೋಗುವಾಗ 7 ಡಿಗ್ರಿ, ಬರುವಾಗ 12 ಅಂತ ಇಟ್ಟುಕೊ. 7 ಡಿಗ್ರಿ ನೀರು 20 ಡಿಗ್ರಿ ನೀರಿಗಿಂತ ಶೇಕಡ 40ರಷ್ಟು ಹೆಚ್ಚು ಸ್ನಿಗ್ಧ. ಬರಿಯ ನೀರಾದರೆ ಒತ್ತಡದಲ್ಲಿ ಅದರ ಪರಿಣಾಮ ಸಣ್ಣದು, ಬಿಡು. ಚಳಿ ದೇಶದ ಕೆಲಸದಲ್ಲಿ ಹೆಪ್ಪುಗಟ್ಟಬಾರದೆಂದು ಗ್ಲೈಕಾಲ್ ಬೆರೆಸಿರುತ್ತಾರೆ. ಆ ತಂಪಿನಲ್ಲಿ ಶೇಕಡ 30ರ ಪ್ರೊಪಿಲೀನ್ ಗ್ಲೈಕಾಲ್ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಸ್ನಿಗ್ಧವಾಗಿರುತ್ತದೆ. ಅದನ್ನು ನೀರು ಅಂತ ಬಿಟ್ಟರೆ ಪಂಪು ಸಾಲದೆ ಬರುತ್ತದೆ.

ಸೈಜಿನ ಪಟ್ಟಿಯಲ್ಲಿ ಪ್ರತಿ ಸಾಲಿನ ಮುಂದೆ ಎರಡು ಟಿಕ್ ಇವೆ. ಒಂದು, ನೀನು ಎಳೆಯುವಾಗ ಪಟ್ಟಿಯಲ್ಲಿ ಕಾಣಲೋ ಬೇಡವೋ ಅಂತ. ಇನ್ನೊಂದು, ಸಾಫ್ಟ್‌ವೇರ್ ತಾನಾಗಿ ಸೈಜ್ ಹಾಕುವಾಗ ಆ ಅಳತೆಯನ್ನು ಬಳಸಲೋ ಬೇಡವೋ ಅಂತ. ಮೂರೂವರೆ ಇಂಚಿನ ಪೈಪು, ಅಂದರೆ 90 ಎನ್‌ಬಿ, ಶೆಡ್ಯೂಲ್ ಪಟ್ಟಿಯಲ್ಲಿ ಇರುತ್ತದೆ. ಅಂಗಡಿಯಲ್ಲಿ ಕೇಳಿದರೆ ನಗುತ್ತಾರೆ. ಅದರ ಎರಡೂ ಟಿಕ್ ತೆಗೆ. ಡಕ್ಟಿಗೂ ಹಾಗೆಯೇ. 25 ಮಿಲಿಮೀಟರಿಗೊಂದು ಅಳತೆ ಪಟ್ಟಿಯಲ್ಲಿದ್ದರೆ ಸಾಫ್ಟ್‌ವೇರ್ ಒಂದೇ ಕಾರಿಡಾರಿನಲ್ಲಿ 475, 450, 425 ಅಂತ ಇಳಿಸುತ್ತಾ ಹೋಗುತ್ತದೆ, ಪ್ರತಿ ಇಳಿತಕ್ಕೂ ಒಂದು ರೆಡ್ಯೂಸರ್. ಉಳಿದ ತಗಡಿಗಿಂತ ರೆಡ್ಯೂಸರಿನ ಕೂಲಿಯೇ ಹೆಚ್ಚು. 50ಕ್ಕೊಂದು ಅಳತೆ ಸಾಕು ಅನ್ನುವ ಪಕ್ಷದವನು ನಾನು.

ಸೈಜ್ ಹಾಕುವ ಲೆಕ್ಕದಲ್ಲಿ ಘರ್ಷಣೆಯ ಮಿತಿ ಕೇಳುತ್ತದೆ. ನಾವು ಹಳಬರು 100 ಅಡಿಗೆ 0.1 ಇಂಚು ನೀರು ಅನ್ನುತ್ತಿದ್ದೆವು. ಈಗಿನ ಮಾತಿನಲ್ಲಿ ಮೀಟರಿಗೆ 0.8 ಪಾಸ್ಕಲ್. ಅದರ ಜೊತೆಗೆ ಎತ್ತರಕ್ಕೆ ಮಿತಿ ಹಾಕುವ ಸೌಕರ್ಯ ಇದೆ. ಬೀಮಿನ ಕೆಳಗೆ, ಫಾಲ್ಸ್ ಸೀಲಿಂಗಿನ ಮೇಲೆ ಎಷ್ಟು ಜಾಗ ಇದೆಯೋ ಅಷ್ಟು ಅಂತ ಆರ್ಕಿಟೆಕ್ಟ್ ಹೇಳುತ್ತಾರೆ, ನೀನು 200 ಅಂತ ಹಾಕುತ್ತೀಯ, ಸಾಫ್ಟ್‌ವೇರ್ ತಕರಾರಿಲ್ಲದೆ 1200ಕ್ಕೆ 200ರ ಡಕ್ಟ್ ಕೊಡುತ್ತದೆ. 500ಕ್ಕೆ 480ರ ಡಕ್ಟಿಗೂ ಅದಕ್ಕೂ ಅಡ್ಡಕೊಯ್ತದ ವಿಸ್ತೀರ್ಣ ಒಂದೇ. ಸುತ್ತಳತೆ ಮಾತ್ರ 1.96 ಮೀಟರಿನಿಂದ 2.8 ಮೀಟರಿಗೆ ಹೋಯಿತು, ಅಂದರೆ ಶೇಕಡ 40ಕ್ಕೂ ಹೆಚ್ಚು ತಗಡು, ಅಷ್ಟೇ ಹೆಚ್ಚು ಇನ್ಸುಲೇಶನ್. ಘರ್ಷಣೆಯೂ ಹೆಚ್ಚು, ಚಪ್ಪಟೆ ತಗಡು ಡಬಡಬ ಬಡಿಯುವುದು ಬೇರೆ. ಅಗಲ ಎತ್ತರದ ನಾಲ್ಕು ಪಟ್ಟು ಮೀರಿದ ಕಡೆ ನಿಲ್ಲು, ಆರ್ಕಿಟೆಕ್ಟ್ ಜೊತೆ ಮಾತಾಡು. ಆ ಮಾತುಕತೆ ನಡೆಯಬೇಕಾದ್ದು ಈಗ, ಸ್ಲ್ಯಾಬ್ ಬಿದ್ದ ಮೇಲಲ್ಲ. ಇನ್ಸುಲೇಶನ್ ಅಂದೆನಲ್ಲ, ಹೊರಗೆ ಸುತ್ತಿದರೆ ಜಾಗ ತಿನ್ನುತ್ತದೆ, ಒಳಗೆ ಅಂಟಿಸಿದರೆ ಗಾಳಿಯ ದಾರಿ ತಿನ್ನುತ್ತದೆ. ಟ್ಯಾಗಿನಲ್ಲಿ ಯಾವ ಅಳತೆ ಬರುತ್ತಿದೆ ಅಂತ ಫ್ಯಾಬ್ರಿಕೇಟರಿಗೆ ಹೋಗುವ ಡ್ರಾಯಿಂಗಿನಲ್ಲಿ ಸ್ಪಷ್ಟವಾಗಿರಲಿ.

ಕೋನಗಳ ಪುಟದಲ್ಲಿ ಮೂರು ಆಯ್ಕೆ: ಯಾವ ಕೋನವಾದರೂ ಸರಿ, ಇಷ್ಟಿಷ್ಟು ಅಂತರದಲ್ಲಿ, ಇಲ್ಲವೇ ಗೊತ್ತಾದ ಕೋನಗಳು ಮಾತ್ರ. ಮೊದಲನೆಯದರಲ್ಲೇ ಬಿಟ್ಟರೆ ಕೈ ಸ್ವಲ್ಪ ಜಾರಿದರೂ 37 ಡಿಗ್ರಿಯ ಎಲ್ಬೋ ಬಂದು ಕೂರುತ್ತದೆ. ತೆರೆಯ ಮೇಲೆ ಬಹಳ ಚೆಂದ. ತಗಡಿನವರು ಬೈದುಕೊಂಡಾದರೂ ಅದನ್ನು ಮಡಚಿ ಕೊಡುತ್ತಾರೆ. ಪೈಪಿನವರು ಎಲ್ಲಿಂದ ತರುತ್ತಾರೆ? ಗೊತ್ತಾದ ಕೋನಗಳನ್ನು ಆರಿಸು. ಪಟ್ಟಿಯಲ್ಲಿ 90, 60, 45, 30, 22.5, 11.25 ಇರುತ್ತವೆ. ಪೈಪಿಗೆ 90 ಮತ್ತು 45 ಬಿಟ್ಟು ಉಳಿದ ಟಿಕ್ ತೆಗೆ, ಬೇರೆಯದು ಸಿಗುತ್ತದೆಂದು ಖಾತ್ರಿಯಾಗುವವರೆಗೆ. ಎಸ್‌ಡಬ್ಲ್ಯೂಆರ್ ಬೆಂಡು 87.5 ಡಿಗ್ರಿಯದು ಬರುತ್ತದೆ. ಮಲಗಿದ ಪೈಪು ಇಳಿಜಾರಾಗಿ ಹೋಗಲೆಂದೇ ಆ ಎರಡೂವರೆ ಡಿಗ್ರಿ ಬಿಟ್ಟಿರುತ್ತಾರೆ.

ಇಳಿಜಾರಿನ ಪಟ್ಟಿಯನ್ನು ಪ್ಲಂಬಿಂಗ್ ಕನ್ಸಲ್ಟೆಂಟ್ ಕೊಟ್ಟ ಅಳತೆಗಳಿಂದ ತುಂಬು, ಉಳಿದದ್ದು ಅಳಿಸು. 1:60 ಅಂತ ಆರಿಸುವುದು ಸುಲಭ. 12 ಮೀಟರ್ ಹೋಗುವಷ್ಟರಲ್ಲಿ ಪೈಪು 200 ಮಿಲಿಮೀಟರ್ ಕೆಳಗಿಳಿದಿರುತ್ತದೆ, ಆ 200 ಎಲ್ಲಿಂದ ಬರಬೇಕು? ನಿನ್ನ ಡಕ್ಟಿನ ಜಾಗದಿಂದಲೇ. ಅದಕ್ಕೇ ನಾನು ಯಾವಾಗಲೂ ಇಳಿಜಾರಿನ ಪೈಪನ್ನು ಮೊದಲು ಹಾಕಿಸುತ್ತಿದ್ದೆ. ಗಾಳಿ ಮೇಲೆ ಕೆಳಗೆ ಹತ್ತಿಳಿದು ಹೋಗುತ್ತದೆ, ಶೌಚದ ನೀರು ಹೋಗುವುದಿಲ್ಲ.

ಅಳತೆಯ ನಡುವೆ ಎಕ್ಸ್ ಬರಲೋ ಗುಣಾಕಾರ ಚಿಹ್ನೆ ಬರಲೋ, ಒಂದರ ಮೇಲೊಂದು ಹಾದಾಗ ಮರೆಯಾದ ಗೆರೆಗೆ ಎಷ್ಟು ಬಿಡುವು, ಮೇಲೇರುವ ಚಿಹ್ನೆ ಎಷ್ಟು ದೊಡ್ಡದು, ಇವೆಲ್ಲ ನೋಟದ ಮಾತು. ಕಚೇರಿಯ ರೂಢಿ ಏನಿದೆಯೋ ಹಾಗೆ ಹಾಕಿ ಮುಂದೆ ಹೋಗು.

ಫಿಟ್ಟಿಂಗ್ ಯಾವುದು ಬರಬೇಕು ಅನ್ನುವ ರೂಟಿಂಗ್ ಪ್ರಿಫರೆನ್ಸ್ ಈ ಪೆಟ್ಟಿಗೆಯಲ್ಲಿಲ್ಲ, ಪೈಪಿನ ಟೈಪಿನಲ್ಲಿದೆ. ಆದರೂ ಇದೇ ಕೂತ ಹೊತ್ತಿನಲ್ಲಿ ಮುಗಿಸು. ಅಲ್ಲಿ ನಿಯಮಗಳನ್ನು ಮೇಲಿಂದ ಕೆಳಕ್ಕೆ ಓದುತ್ತದೆ, ಮೊದಲು ಹೊಂದಿದ್ದನ್ನು ಹಿಡಿಯುತ್ತದೆ. ನಮ್ಮ ಸೈಟುಗಳಲ್ಲಿ 50 ಎನ್‌ಬಿವರೆಗೆ ಥ್ರೆಡ್, 65ರಿಂದ ಮೇಲೆ ವೆಲ್ಡಿಂಗ್ ಅಂತ ಸಾಮಾನ್ಯವಾಗಿ ನಡೆಯುತ್ತದೆ. ಅದನ್ನೇ ಅಲ್ಲಿ ಎರಡು ಸಾಲಾಗಿ ಬರೆ. ಇಲ್ಲದಿದ್ದರೆ 200 ಎನ್‌ಬಿ ಪೈಪಿಗೂ ಥ್ರೆಡ್ ಎಲ್ಬೋ ಹಾಕಿ ಬಿಲ್ಲಿನ ಪಟ್ಟಿ ತಯಾರಿಸಿ ಕೊಡುತ್ತದೆ, ಖರೀದಿ ವಿಭಾಗದವರು ಫೋನ್ ಮಾಡುತ್ತಾರೆ. ಡಕ್ಟಿನಲ್ಲಿ ಕವಲಿಗೆ ಟೀ ಬೇಕೋ ಟ್ಯಾಪ್ ಬೇಕೋ ಅನ್ನುವುದೂ ಇಲ್ಲೇ. ಟ್ಯಾಪ್ ಹಾಕಿದರೆ ಮುಖ್ಯ ಡಕ್ಟ್ ತುಂಡಾಗದೆ ಒಂದೇ ಆಗಿ ಉಳಿಯುತ್ತದೆ. ಹಾಗಾಗಿ ಕವಲಾದ ಮೇಲೆ ಗಾಳಿ ಕಮ್ಮಿಯಾದರೂ ಅದರ ಅಳತೆ ತಾನಾಗಿ ಇಳಿಯುವುದಿಲ್ಲ. ಎಲ್ಲಿ ಇಳಿಸಬೇಕೋ ಅಲ್ಲಿ ನೀನೇ ತುಂಡರಿಸಬೇಕು.

ಒಂದು ಒಳ್ಳೆಯ ಫೈಲಿನಿಂದ ಸೆಟ್ಟಿಂಗುಗಳನ್ನು ತರಲು ಟ್ರಾನ್ಸ್‌ಫರ್ ಪ್ರಾಜೆಕ್ಟ್ ಸ್ಟ್ಯಾಂಡರ್ಡ್ಸ್ ಇದೆ. ತರುವಾಗ ಬೇಕಾದ್ದಕ್ಕೆ ಮಾತ್ರ ಟಿಕ್ ಹಾಕು. ಅದೇ ಹೆಸರಿನದು ಇಲ್ಲಿ ಆಗಲೇ ಇದ್ದರೆ ಮೇಲೆ ಬರೆಯಲೋ, ಹೊಸದು ಮಾತ್ರ ತರಲೋ ಅಂತ ಕೇಳುತ್ತದೆ. ಆ ಪ್ರಶ್ನೆಗೆ ಓದದೆ ಒತ್ತಬೇಡ. ಹತ್ತು ಜನ ಕೆಲಸ ಮಾಡುವ ಮಾಡೆಲಿನಲ್ಲಿ ನೀನು ಒಂದು ಸಂಖ್ಯೆ ತಿದ್ದಿದರೆ ಹತ್ತೂ ಜನರ ಡಕ್ಟ್ ತಿದ್ದಿದ ಹಾಗೆ. ಮಾಡೆಲಿನಲ್ಲೇ ಒಂದು ಹಾಳೆ ಇಟ್ಟು ಊರು, ಎತ್ತರ, ಸಾಂದ್ರತೆ, ಪೈಪಿನ ಐಎಸ್ ಸಂಖ್ಯೆ, ತಿದ್ದಿದವರು, ತಾರೀಖು ಬರೆದಿಡು. ಲಂಡನ್ ಕೆಲಸವಾದರೆ ತಗಡಿಗೆ ಡಿಡಬ್ಲ್ಯೂ 144, ಅಮೆರಿಕದ್ದಾದರೆ ಸ್ಮ್ಯಾಕ್ನಾ, ನಮ್ಮದಾದರೆ ಐಎಸ್ 655 ಅಂತಲೂ ಸೇರಿಸು.

ಇಷ್ಟಾದ ಮೇಲೂ ನೇರ ಕೆಲಸಕ್ಕೆ ಇಳಿಯಬೇಡ. ಖಾಲಿ ಜಾಗದಲ್ಲಿ ಒಂದು ನೇರ ಡಕ್ಟ್, ಒಂದು ನೇರ ಪೈಪು ಎಳೆ. ಒಂದು ಎಲ್ಬೋ, ಒಂದು ಕವಲು, ಒಂದು ರೆಡ್ಯೂಸರ್ ಹಾಕು. ಗಾಳಿ, ನೀರು ಹರಿಸು. ಮೀಟರಿಗೆ ಎಷ್ಟು ನಷ್ಟ ತೋರಿಸುತ್ತದೋ ಅದನ್ನು ಪುಸ್ತಕದ ಚಾರ್ಟಿನ ಜೊತೆ ತಾಳೆ ಹಾಕು. ತಾಳೆಯಾದರೆ ಅಳಿಸಿ, ಎರಡನೇ ಮಹಡಿಗೆ ಹೋಗು. ತಾಳೆಯಾಗದಿದ್ದರೆ ಹೊಸಬಳು ಅನ್ನುವ ಸಂಕೋಚ ಬಿಟ್ಟು ಲೀಡ್ ಹತ್ತಿರ ಹೋಗಿ, ಈ ಟೆಂಪ್ಲೇಟ್ ಯಾವ ಕೆಲಸದಿಂದ ಬಂದದ್ದು ಅಂತ ಕೇಳು. ಅವರಿಗೂ ಗೊತ್ತಿಲ್ಲ ಅಂದರೆ ಎಂ, ಎಸ್ ಒತ್ತಿ, ಮೊದಲ ಸಾಲಿನಿಂದ ಓದಿಕೊಂಡು ಬಾ.